ಇಡ್ಲಿ ಪಾತ್ರೆಗೆ ಎಷ್ಟರವರೆಗೆ ಹೋಗಬಹುದು

ನನಗೊಂದು ಚಟವಿದೆ, ಮುಚ್ಚುಮರೆ ಯಾಕೆ. ಹಳೆಯ ಕಾಗದ ಕೊಳ್ಳುತ್ತೇನೆ. ಯಾರೋ ಏನೋ ಬರೆದ ಕಾಗದವಲ್ಲ, ಖಾಲಿ ಕಾಗದ. ಅಂಚು ಹಳದಿಯಾದ ಬಾಂಡ್ ಪೇಪರ್, ಬೆಳಕಿಗೆ ಹಿಡಿದರೆ ಒಳಗಿನ ಗುರುತು ಕಾಣುವ ದಪ್ಪ ಹಾಳೆ, ಇಂಥವು. ಹಳೇ ಸಾಮಾನಿನ ಆನ್‌ಲೈನ್ ಹರಾಜಿನಲ್ಲಿ ಸಿಗುತ್ತವೆ. ಪಾರ್ಸೆಲ್ ಬಂದಾಗಲೆಲ್ಲ ನನ್ನ ಗಂಡ, "ದುಡ್ಡು ಕೊಟ್ಟು ಖಾಲಿ ಕಾಗದ ತರಿಸೋರನ್ನ ನಾನು ಈ ಮನೇಲಿ ಮಾತ್ರ ನೋಡಿದ್ದು," ಎನ್ನುತ್ತಾರೆ. ಅವರು ಕುಂಸಿ ಕಡೆಯವರು, ಜೋಳ ಬೆಳೆದ ಮನೆತನ. ಕಾಗದದ ರುಚಿ ಅವರಿಗೇನು ಗೊತ್ತು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ವಿಭಾಗದಲ್ಲಿದ್ದರು. ಅವರ ಜೇಬಿನಿಂದ ಉದುರುತ್ತಿದ್ದ ಬಿಳಿ ಚೂರುಗಳನ್ನು ಗುಡಿಸಿ ಗುಡಿಸಿ ಅಮ್ಮನಿಗೆ ಸಾಕುಬೇಕಾಗುತ್ತಿತ್ತು. ಈಗ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಹತ್ತಿರದ ನಮ್ಮ ಮನೆಯಲ್ಲಿ, ನಾನು ತರಿಸುವ ಕಾಗದದ ಕಟ್ಟುಗಳನ್ನು ನೋಡಿ ಅವಳಿಗೆ ಮತ್ತೆ ಸಾಕಾಗಿದೆ.

ಈ ಹರಾಜಿನ ಕ್ರಮ ಹೀಗೆ. ನೀವು ಎಷ್ಟರವರೆಗೆ ಹೋಗಲು ತಯಾರೋ ಆ ಮೊತ್ತವನ್ನು ಗುಟ್ಟಾಗಿ ಹಾಕಬೇಕು. ಯಂತ್ರ ನಿಮ್ಮ ಪರವಾಗಿ ಕೂಗುತ್ತ ಹೋಗುತ್ತದೆ. ಎರಡನೆಯವರು ಎಲ್ಲಿ ಸುಸ್ತಾಗಿ ನಿಂತರೋ ಅದಕ್ಕಿಂತ ಹತ್ತು ರೂಪಾಯಿ ಮೇಲೆ ನಿಮ್ಮ ಬೆಲೆ ನಿಲ್ಲುತ್ತದೆ. ನೀವು ಹಾಕಿದ್ದು ಹತ್ತು ಸಾವಿರವೇ ಇರಲಿ, ಎರಡನೆಯವರು ಸಾವಿರಕ್ಕೆ ನಿಂತರೆ ನೀವು ಕೊಡಬೇಕಾದದ್ದು ಸಾವಿರದ ಹತ್ತು. ಆದರೆ ಬೇಗ ಹಾಕಿದಿರೋ, ಕೆಟ್ಟಿರಿ. ನೋಡಿದವರಿಗೆಲ್ಲ ಹುರುಪು ಬಂದು ಏರಿಸತೊಡಗುತ್ತಾರೆ. ಅದಕ್ಕೇ ಬಲ್ಲವರು ಬಾಯಿ ಹೊಲಿದುಕೊಂಡು ಕೂತಿದ್ದು, ಮುಗಿಯಲು ಇನ್ನೇನು ಐದಾರು ಸೆಕೆಂಡಿದೆ ಎನ್ನುವಾಗ ಒಂದೇ ಸಲ ಒತ್ತಿಬಿಡುತ್ತಾರೆ. ಮತ್ತೆ ಏರಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಇದಕ್ಕೆ ಸ್ನೈಪಿಂಗ್ ಎನ್ನುತ್ತಾರೆ. ಮೋಸವಲ್ಲ, ನಿಯಮದೊಳಗೇ ಇದೆ.

ಒತ್ತುವುದು ಸುಲಭ, ಎಷ್ಟು ಎಂದು ನಿರ್ಧರಿಸುವುದೇ ಕಷ್ಟ. ಅದಕ್ಕೆ ನನ್ನದೇ ಒಂದು ಪರೀಕ್ಷೆ ಇದೆ. ಒಂದು ಅಂಕಿ ಅಂದುಕೊಳ್ಳುತ್ತೇನೆ. ಅದಕ್ಕಿಂತ ಹತ್ತೇ ರೂಪಾಯಿ ಹೆಚ್ಚಿಗೆ ಕೊಟ್ಟು ಬೇರೆ ಯಾರೋ ಇದನ್ನು ಹೊಡೆದುಕೊಂಡು ಹೋದರು ಎಂದು ಊಹಿಸಿಕೊಳ್ಳುತ್ತೇನೆ. ಹೊಟ್ಟೆ ಉರಿಯಿತೇ? ಹಾಗಾದರೆ ಇನ್ನೊಂದಿಷ್ಟು ಏರಿಸು. 'ಹೋಗಲಿ ಬಿಡು, ತಿಂದುಕೊಳ್ಳಲಿ' ಅನ್ನಿಸಿತೇ? ಅಲ್ಲಿಗೆ ನಿಲ್ಲಿಸು. ಇದನ್ನು ಬೆಳಿಗ್ಗೆ ತಿಂಡಿಯಾದ ಮೇಲೆಯೇ ಮಾಡಬೇಕು. ಹಸಿದಾಗ ಮಾಡಿದ ನಿರ್ಧಾರಕ್ಕೆ ತಲೆಬುಡ ಇರುವುದಿಲ್ಲ. ಒಮ್ಮೆ ನಿಶ್ಚಯವಾದ ಮೇಲೆ ದೇವರೇ ಬಂದು ಹೇಳಿದರೂ ಬದಲಿಲ್ಲ. "ಮಂಡೀಲಿ ಅಡಿಕೆ ಟೆಂಡರ್ ಬರೆಯೋರೂ ಹಿಂಗೇ ಕಣೇ," ಎನ್ನುತ್ತಾರೆ ಗಂಡ, "ಆದ್ರೆ ಬರೆದು ಟೀ ಕುಡಿಯೋಕೆ ಹೋಗ್ತಾರೆ. ನಿನ್ನ ಹಾಗೆ ಮೊಬೈಲ್ ಮುಂದೆ ತಪಸ್ಸು ಮಾಡಲ್ಲ."

ಒಂದೇ ಒಂದು ಸಲ ನನ್ನ ಪರೀಕ್ಷೆ ಕೈ ಕೊಟ್ಟಿತು.

ಅಮ್ಮನಿಗೆ ಹಲ್ಲು ಹೋದ ಮೇಲೆ ಎಲೆಅಡಿಕೆ ಕುಟ್ಟಿಕೊಳ್ಳಲು ಒಂದು ಹಿತ್ತಾಳೆ ಕುಟ್ಟಾಣಿ ಬೇಕಿತ್ತು. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಅದನ್ನು ಹುಡುಕುತ್ತ ಹಿತ್ತಾಳೆ ಸಾಮಾನಿನ ಪುಟಗಳನ್ನು ತಳ್ಳುತ್ತಿದ್ದೆ. ಗಂಟೆ, ದೀಪ, ಮತ್ತೆ ಗಂಟೆ, ಒಂದು ಇಡ್ಲಿ ಪಾತ್ರೆ. ಕೈ ಅಲ್ಲೇ ನಿಂತಿತು. ದೊಡ್ಡ ಪಾತ್ರೆ, ಎರಡು ಕಿವಿ, ಮುಚ್ಚಳದ ಒಂದು ಕಡೆ ನಗ್ಗಿದೆ. ಫೋಟೋ ಹಿಗ್ಗಿಸಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ: ಕಾಗದನಗರ 37-38. ಮಾರುವವರು ಸೇಲಂ ಕಡೆಯ ಒಬ್ಬ ವ್ಯಾಪಾರಿ. ಅವರಿಗೆ ಕನ್ನಡ ಬಾರದು. ಅಂಕಿಯನ್ನು ಮಾತ್ರ ಓದಿಕೊಂಡು, ಇಸವಿ ಸಾವಿರದ ಒಂಬೈನೂರ ಮೂವತ್ತೇಳು-ಮೂವತ್ತೆಂಟರ ಪುರಾತನ ಪಾತ್ರೆ ಎಂದು ಇಂಗ್ಲಿಷಿನಲ್ಲಿ ಹಾಕಿದ್ದರು. ನನಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿ ಬಂತು. ಅದು ಇಸವಿಯಲ್ಲ, ಮಹಾರಾಯರೇ. ಅದು ಎರಡು ಮನೆಗಳ ನಂಬರು.

ಕ್ವಾರ್ಟರ್ಸಿನಲ್ಲಿ ಮನುಷ್ಯರಿಗೆ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ. ನಮ್ಮದು ಮೂವತ್ತೆಂಟು. ಒಂದೇ ಗೋಡೆಯ ಆಚೆ ಮೂವತ್ತೇಳು. ಅಲ್ಲಿದ್ದವರು ತಮಿಳು ಮನೆಮಾತಿನವರು. ಅವರ ಮಗಳು ನನ್ನ ಓರಗೆಯವಳು. ಎರಡೂ ಮನೆಯಲ್ಲಿ ತಾಯಂದಿರನ್ನು ನಾವಿಬ್ಬರೂ ಅಮ್ಮ ಎಂದೇ ಕರೆಯುತ್ತಿದ್ದೆವು. ಗೊಂದಲವಾದಾಗ ಮೂವತ್ತೇಳರ ಅಮ್ಮ, ಮೂವತ್ತೆಂಟರ ಅಮ್ಮ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಅವಳು ಆಚೆಯಿಂದ ಗೋಡೆ ಗುದ್ದುತ್ತಿದ್ದಳು, ನಾನು ಈಚೆಯಿಂದ ಗುದ್ದುತ್ತಿದ್ದೆ. ಒಂದೇ ಸೈಕಲ್ಲಿನಲ್ಲಿ ಶಾಲೆಗೆ, ಆಮೇಲೆ ಒಂದೇ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ. ಅವಳ ಮೂಗಿನ ತುದಿಯಲ್ಲಿ ಸಿಟ್ಟು, ನನ್ನ ನಾಲಿಗೆಯ ತುದಿಯಲ್ಲಿ ಸಿಟ್ಟು. ದಿನಕ್ಕೊಂದು ಜಗಳ, ಊಟದ ಹೊತ್ತಿಗೆ ರಾಜಿ. ಅಂಥ ಗೆಳತಿ ಮತ್ತೆ ನನಗೆ ಸಿಗಲಿಲ್ಲ. ಸಿಕ್ಕವರೆಲ್ಲ ಒಳ್ಳೆಯವರೇ, ಆದರೆ ಅವರ್ಯಾರೂ ಅವಳಲ್ಲ.

ಇಡ್ಲಿ ಪಾತ್ರೆ ಬಂದದ್ದು ಚೀಟಿ ಹಣದಿಂದ. ತಿಂಗಳ ಮೊದಲ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಹೆಂಗಸರ ಚೀಟಿ ನಡೆಯುತ್ತಿತ್ತು, ಅಮ್ಮನೇ ಯಜಮಾನಿ. ಎಲ್ಲರೂ ಹಾಕಿದ ಹಣವನ್ನು ಆ ತಿಂಗಳು ಯಾರು ಎತ್ತಬೇಕು ಎಂಬುದಕ್ಕೆ ಹರಾಜು. ಯಾರು ಹೆಚ್ಚು ಬಿಟ್ಟುಕೊಡುತ್ತೇನೆ ಎಂದು ಕೂಗುತ್ತಾರೋ ಹಣ ಅವರಿಗೆ. ಬಿಟ್ಟ ಮೊತ್ತ ಉಳಿದವರಿಗೆ ಹಂಚಿಕೆ. ನೂರು, ನೂರೈವತ್ತು, ಇನ್ನೂರು ಎಂದು ಗಲಾಟೆಯೋ ಗಲಾಟೆ. ಮೂವತ್ತೇಳರ ಅಮ್ಮ ಮಾತ್ರ ಮೂಲೆಯಲ್ಲಿ ಕನಕಾಂಬರ ಕಟ್ಟುತ್ತ ಕೂತಿರುತ್ತಿದ್ದರು, ಇವರಿಗೆ ಹಣವೇ ಬೇಡವೇನೋ ಎನ್ನುವ ಹಾಗೆ. ಅಮ್ಮ 'ಒಂದು ಸಲ, ಎರಡು ಸಲ' ಎಂದು ಮೂರನೆಯದಕ್ಕೆ ಬಾಯಿ ತೆರೆಯುತ್ತಿದ್ದಂತೆ, ಹೂವಿನಿಂದ ತಲೆಯೆತ್ತದೆ, "ಇನ್ನೂರ ಮೂವತ್ತೇಳು," ಎನ್ನುತ್ತಿದ್ದರು.

ಎಲ್ಲರೂ ಮೈಮೇಲೆ ಬೀಳುತ್ತಿದ್ದರು. "ಅಲ್ಲ ಮಾರಾಯ್ತಿ, ಇಷ್ಟೊತ್ತು ಎಲ್ಲಿದ್ರಿ? ಅದೇನದು ಮೂವತ್ತೇಳು?"

"ಅಡಡಾ, ನೂರು ಐವತ್ತು ಎಲ್ಲಾರೂ ಹೇಳ್ತಾರೆ. ಮೂವತ್ತೇಳಕ್ಕೆ ಯಾರು ಜಗಳಕ್ಕೆ ಬರ್ತಾರೆ? ಅದು ನಮ್ಮನೆ ನಂಬರು, ನಮಗೇ ಬರುತ್ತೆ."

ಆಕೆಯನ್ನು ಛೇಡಿಸಲೆಂದೇ ನಮ್ಮಮ್ಮ ತನ್ನ ಸರದಿ ಬಂದಾಗ ಮೂವತ್ತೆಂಟು ಸೇರಿಸಿ ಕೂಗುತ್ತಿದ್ದಳು. ಅದೇ ಎರಡು ಮನೆಯ ಅಭ್ಯಾಸವಾಯಿತು. ತರಕಾರಿಯವನ ಹತ್ತಿರ ಚೌಕಾಸಿಗೂ ಅದೇ, ನಾವಿಬ್ಬರು ಹುಡುಗಿಯರು ಪಂದ್ಯ ಕಟ್ಟಲೂ ಅದೇ. ಸ್ನೈಪಿಂಗ್ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ನಿನ್ನೆ ಮೊನ್ನೆ. ವಿದ್ಯೆಯನ್ನು ಮಾತ್ರ ಆ ಜಗಲಿಯಲ್ಲೇ ಕಲಿತಿದ್ದೆ.

ಒಂದು ವರ್ಷ ಇಬ್ಬರು ಅಮ್ಮಂದಿರೂ ಎತ್ತಿದ ಚೀಟಿಯಲ್ಲಿ ಅಷ್ಟಷ್ಟು ಹಾಕಿ ಆ ಪಾತ್ರೆ ಕೊಂಡರು. ಹೆಸರು ಹೊಡೆಯುವವನು ಅಕ್ಷರಕ್ಕಿಷ್ಟು ಎಂದು ಕೇಳಿದ. ಇಬ್ಬರ ಹೆಸರೂ ಉದ್ದ. ಅಮ್ಮ ಲೆಕ್ಕ ಹಾಕಿ, "ನಂಬರೇ ಹೊಡಿಯಪ್ಪ, ಯಾರಿಗೆ ಬೇಕು ಹೆಸರು," ಎಂದಳು. ಭಾನುವಾರ ಹಿಟ್ಟು ಒಂದು ಮನೆಯದು, ಒಲೆ ಇನ್ನೊಂದು ಮನೆಯದು. ಪಾತ್ರೆ ಗೋಡೆಯ ಆಚೆ ಈಚೆ ಓಡಾಡುತ್ತಿತ್ತು. ಸಾಗಿಸುವ ಕೆಲಸ ನಮ್ಮಿಬ್ಬರದು. ಒಮ್ಮೆ ಯಾವುದೋ ಜಗಳದಲ್ಲಿ ಅವಳು ಒಂದು ಕಿವಿ ಬಿಟ್ಟಳು, ನಾನೂ ಬಿಟ್ಟೆ. ಮುಚ್ಚಳ ನಗ್ಗಿದ್ದು ಆವಾಗ.

ನಾವು ಡಿಗ್ರಿ ಮುಗಿಸಿದ ವರ್ಷ ಅವಳ ಅಪ್ಪ ಮುಂಚಿತ ನಿವೃತ್ತಿ ತೆಗೆದುಕೊಂಡು ಅವರ ಊರ ಕಡೆ ಹೊರಟರು. ಸಾಮಾನು ಲಾರಿಗೆ ಏರುತ್ತಿರುವಾಗ ಪಾತ್ರೆ ಯಾರ ಹತ್ತಿರ ಇರಬೇಕು ಎಂದು ಇಬ್ಬರು ಅಮ್ಮಂದಿರ ನಡುವೆ ವಾದವೇ ನಡೆಯಿತು. ನೀವಿಟ್ಟುಕೊಳ್ಳಿ, ಇಲ್ಲ ನೀವೇ ತಗೊಂಡು ಹೋಗಿ. ಕೊನೆಗೆ ಅಮ್ಮ ಅದನ್ನು ಎತ್ತಿ ಲಾರಿಯೊಳಗೆ ಇಟ್ಟು, "ಇದರಲ್ಲಿ ಬೇಯಿಸಿದಾಗಲಾದ್ರೂ ನನ್ನ ನೆನೆಸ್ಕೊ," ಎಂದು ಒಳಗೆ ಹೋಗಿಬಿಟ್ಟಳು. ಸ್ವಲ್ಪ ಕಾಲ ಪತ್ರಗಳು ಬಂದವು. ಅವರು ಎರಡು ಮೂರು ಬಾಡಿಗೆ ಮನೆ ಬದಲಿಸಿದರು. ಅಪ್ಪನಿಗೂ ನಿವೃತ್ತಿಯಾಗಿ ನಾವೂ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ಅವಳು ಆಮೇಲೆ ಬರೆದಿದ್ದರೆ ಅದು ಬಾಗಿಲು ಹಾಕಿದ ಮೂವತ್ತೆಂಟರ ಮೆಟ್ಟಿಲ ಮೇಲೆ ಬಿದ್ದಿರಬೇಕು. ನಾನು ಬರೆದದ್ದು ವಿಳಾಸದಾರರಿಲ್ಲ ಎಂದು ಹಿಂತಿರುಗಿ ಬಂತು. ಫೇಸ್‌ಬುಕ್ಕಿನಲ್ಲಿ ಹುಡುಕಿದೆ, ಅವಳ ಹೆಸರಿನವರು ತಮಿಳುನಾಡಿನ ತುಂಬ ಇದ್ದಾರೆ. ಕ್ವಾರ್ಟರ್ಸಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷವಾದರೂ ಎಲ್ಲಾದರೂ ಒಂದು ಸೈರನ್ ಕೇಳಿಸಿದರೆ ನನ್ನ ಕೈ ಗೋಡೆಯ ಕಡೆ ಹೋಗುತ್ತದೆ. ಇದನ್ನು ಯಾರ ಹತ್ತಿರ ಹೇಳುವುದು?

ಈಗ ಆ ಪಾತ್ರೆ ನನ್ನ ಮೊಬೈಲಿನೊಳಗೆ ಕೂತಿತ್ತು. ಅದು ಅವರ ಕೈ ತಪ್ಪಿದ್ದು ಹೇಗೆ? ವ್ಯಾಪಾರಿಗೆ ಬರೆದು ಕೇಳಿದೆ. ಗುಜರಿ ಲಾಟಿನಲ್ಲಿ ಬಂದದ್ದು, ಯಾರ ಮನೆಯದೋ ಗೊತ್ತಿಲ್ಲ ಎಂದು ಉತ್ತರ ಬಂತು. ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು.

"ಮೂವತ್ತೇಳರೋಳು ಇದನ್ನ ಮಾರೋಳಲ್ಲ," ಎಂದಳು. "ಏನೋ ಆಗಿದೆ."

"ಏನೂ ಆಗಿರಲ್ಲ ಸುಮ್ನಿರಮ್ಮ. ಮನೆ ಖಾಲಿ ಮಾಡುವಾಗ ಯಾರೋ ಹಾಕಿರ್ತಾರೆ."

"ಎಷ್ಟಾದ್ರೂ ಆಗ್ಲಿ, ತರ್ಸು."

ಎಷ್ಟಾದರೂ ಆಗಲಿ ಎನ್ನುವುದು ಹರಾಜಿನಲ್ಲಿ ಹೇಳುವ ಮಾತೇ ಅಲ್ಲ. ಯಂತ್ರಕ್ಕೆ ಒಂದು ಅಂಕಿ ಬೇಕು. ತಿಂಡಿ ತಿಂದು ಕೂತು ಪರೀಕ್ಷೆ ಶುರು ಮಾಡಿದೆ. ನಾಲ್ಕು ಸಾವಿರಕ್ಕೆ ಬೇರೆಯವರು ಒಯ್ದರೆ? ಹೊಟ್ಟೆ ಉರಿಯುತ್ತದೆ. ಆರು ಸಾವಿರಕ್ಕೆ? ಉರಿಯುತ್ತದೆ. ಇಪ್ಪತ್ತಕ್ಕೆ? ಇನ್ನೂ ಹೆಚ್ಚು ಉರಿಯುತ್ತದೆ. ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ನನ್ನ ಸಂಬಳಕ್ಕೂ ಈ ಉರಿಗೂ ತಾಳಮೇಳವೇ ಇರಲಿಲ್ಲ. ಪುರಾತನ ಎಂದು ಬರೆದದ್ದರಿಂದ ವ್ಯಾಪಾರಿಗಳು ಬೇರೆ ಬಾಯಿ ಹಾಕುತ್ತಿದ್ದರು. ಮೂರು ದಿನ ತಿಂಡಿ ತಿಂದು ತಿಂದು ಕೊನೆಗೆ ಗಂಡನನ್ನು ಕೇಳಿದೆ.

"ಹಿತ್ತಾಳೆ ತೂಕಕ್ಕೆ ನೋಡಿದ್ರೆ ಇಷ್ಟು ಬಾಳಲ್ಲ," ಎಂದರು ಅವರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಿಂಗೆ ಬೇಕಾಗಿರೋದು ಪಾತ್ರೆ ಅಲ್ವಲ್ಲೇ. ಅದಕ್ಕೆ ನಿಂಗೆ ಅಂಕಿ ಸಿಗ್ತಿಲ್ಲ."

ನಿಜ ಹೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಎದ್ದು ಹೋದೆ. ನನಗೆ ಬೇಕಾಗಿದ್ದವಳು ಅವಳೇ. ಅವಳನ್ನು ಕೊಡುವ ಅಂಗಡಿ ಇಲ್ಲದ್ದರಿಂದ ಪಾತ್ರೆಯಾದರೂ ಇರಲಿ ಎನ್ನುತ್ತಿದ್ದೆ. ಕೊನೆಗೆ ಲೆಕ್ಕವಿಲ್ಲ ಪತ್ರವಿಲ್ಲ, ಒಂಬತ್ತು ಸಾವಿರದ ಮೂವತ್ತೆಂಟು ಎಂದು ನಿಶ್ಚಯಿಸಿದೆ. ಆ ಮೂವತ್ತೆಂಟು ತಾನಾಗಿಯೇ ಬಂತು.

ಹರಾಜು ಮುಗಿಯುವುದು ಒಂದು ಭಾನುವಾರ ಮಧ್ಯಾಹ್ನ. ಅವತ್ತೇ ಭದ್ರಾವತಿಯಲ್ಲಿ ನನ್ನ ನಾದಿನಿಯ ಮಗಳ ಸೀಮಂತ. ತಪ್ಪಿಸುವ ಹಾಗಿಲ್ಲ. ಮೊದಲ ಪಂಕ್ತಿಗೇ ಕೂತು ಎದ್ದುಬಿಡೋಣವೆಂದರೆ ಜಾಗ ಸಿಗಲಿಲ್ಲ. ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಾಗ ಇನ್ನು ಎಂಟು ನಿಮಿಷ ಉಳಿದಿತ್ತು. ಬಲಗೈ ಅನ್ನ ಸಾರಿನಲ್ಲಿ, ಎಡಗೈಯಲ್ಲಿ ಮೊಬೈಲು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಊಟ ಮಾಡುವಾಗಲೂ ಅದೇನಮ್ಮ," ಎಂದು ಗೊಣಗಿದರು. "ಮುಖ್ಯವಾದ ಕೆಲಸ ಅಜ್ಜಿ," ಎಂದೆ. ಬೆಲೆ ಐದು ಸಾವಿರದ ಹತ್ತಿರ ನಿಂತಿತ್ತು. ಪಾಯಸ ಬಡಿಸುವವನು ಬಂದು ನಿಂತ. ಬೇಡವೆಂದರೆ ಕೇಳಬೇಕಲ್ಲ! "ಸ್ವಲ್ಪ ಹಾಕಿಸ್ಕಳಿ ಅಕ್ಕಾ, ಶುಭಕಾರ್ಯ." ಅವನು ಸೌಟು ಬಗ್ಗಿಸುವುದಕ್ಕೂ ಕೊನೆಯ ಸೆಕೆಂಡುಗಳಿಗೂ ಸರಿಹೋಯಿತು. ಎಡ ಹೆಬ್ಬೆರಳಿನಿಂದ ಒತ್ತಿದೆ. ಪಾಯಸ ಎಲೆ ಬಿಟ್ಟು ಸೆರಗಿನ ಮೇಲೆ ಹರಿಯಿತು. ಗೆದ್ದಿದ್ದೀರಿ ಎಂದು ಬಂತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಬಸುರಿ ಹುಡುಗಿಗೇನಾಯಿತೋ ಎಂದು ಒಳಗಿನಿಂದ ಇಬ್ಬರು ಓಡಿ ಬಂದರು.

ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೆರಗಿನ ಅಂಟನ್ನು ಒರೆಸಿಕೊಳ್ಳುತ್ತ, ಸಮಾಧಾನವಾಗಿ ಮೊಬೈಲು ತೆರೆದೆ. ನನ್ನ ಬೆಲೆ ಎಂಟು ಸಾವಿರದ ನಲವತ್ತೇಳಕ್ಕೆ ನಿಂತಿತ್ತು. ಅಯ್ಯೋ, ಯಾರಪ್ಪ ಇಷ್ಟು ಏರಿಸಿದವರು ಎಂದು ಕೂಗಿದವರ ಪಟ್ಟಿ ನೋಡಿದೆ. ಅಲ್ಲಿ ಹೆಸರುಗಳಿರುವುದಿಲ್ಲ. ಒಂದು ಅಕ್ಷರ, ಆಮೇಲೆ ಚುಕ್ಕಿಗಳು, ಮುಂದೆ ಅಂಕಿ. ನನಗಿಂತ ಎರಡು ಸೆಕೆಂಡು ಮೊದಲು, ಅಲ್ಲಿಯವರೆಗೆ ಒಂದು ಸಲವೂ ಬಾಯಿ ಬಿಡದ ಯಾರೋ ಒಬ್ಬರು ಒಂದೇ ಒಂದು ಸಲ ಹಾಕಿದ್ದರು: ಎಂಟು ಸಾವಿರದ ಮೂವತ್ತೇಳು.

ಬಸ್ಸು ತುಂಬ ಜನ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು. ಅವಳಲ್ಲದೆ ಇನ್ಯಾರು? ಎಲ್ಲೋ ಒಂದು ಊರಿನಲ್ಲಿ ಅವಳೂ ನನ್ನ ಹಾಗೇ ಕೂತು, ಉಸಿರು ಹಿಡಿದು, ಮೂರನೇ ಸಲದ ಮೊದಲು ಒತ್ತಿದ್ದಳು. ಇಷ್ಟು ವರ್ಷ ಅವಳಿಗಾಗಿ ಹುಡುಕಿ ಹುಡುಕಿ, ಅವಳು ಎರಡು ಸೆಕೆಂಡಿನಷ್ಟು ಹತ್ತಿರ ಬಂದಾಗ ನಾನು ಮಾಡಿದ್ದೇನು? ಅವಳನ್ನು ಸೋಲಿಸಿದೆ. ಅದಕ್ಕಿಂತ ನೋವಿನ ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಸೋತವರ ಅಂಕಿ ಗೆದ್ದವರಿಗೆ ಕಾಣುತ್ತದೆ, ಗೆದ್ದವರು ಬರೆದಿಟ್ಟ ಅಂಕಿ ಸೋತವರಿಗೆ ಕಾಣುವುದಿಲ್ಲ. ಅವಳಿಗೆ ಕಂಡದ್ದು ತನ್ನ ಬೆಲೆಗಿಂತ ಹತ್ತು ರೂಪಾಯಿ ಮೇಲಿನ ಒಂದು ಮೊತ್ತ ಮಾತ್ರ. ನನ್ನ ಮೂವತ್ತೆಂಟು ಅವಳ ಕಣ್ಣಿಗೆ ಬೀಳಲೇ ಇಲ್ಲ. ಅವಳ ಪಾಲಿಗೆ ನಾನು ಅಮ್ಮನ ಪಾತ್ರೆಯನ್ನು ಕಿತ್ತುಕೊಂಡ ಯಾವನೋ ವ್ಯಾಪಾರಿ.

"ಕಾಕತಾಳೀಯ ಇರಬಹುದು ಕಣೇ," ಎಂದರು ಗಂಡ. "ಇಸವಿ ಅಂತ ನಂಬಿ ಯಾರೋ ಹಾಗೆ ಹಾಕಿರಬಹುದು." ಇರಬಹುದು. ಆದರೆ ಅವರು ಆ ಜಗಲಿಯಲ್ಲಿ ಕೂತವರಲ್ಲ. ವ್ಯಾಪಾರಿಗೆ ಬರೆದೆ. 'ಸೋತವರ ವಿವರ ನಮಗೂ ತೋರಿಸುವುದಿಲ್ಲ ಮೇಡಂ' ಎಂದರು. ಹರಾಜಿನ ಕಂಪನಿಗೆ ಬರೆದೆ. ಯಾರ ಮಾಹಿತಿಯನ್ನೂ ಯಾರಿಗೂ ಕೊಡುವುದಿಲ್ಲ ಎಂದು ಬಹಳ ವಿನಯದಿಂದ ತಿಳಿಸಿದರು. ಅವರ ವಿನಯಕ್ಕೆ ಬೆಂಕಿ ಬೀಳ.

ಪಾತ್ರೆ ಬಂತು. ಅಮ್ಮ ಯಾರ ಕೈಗೂ ಕೊಡದೆ ಹಿತ್ತಲಿನಲ್ಲಿ ಕೂತು ಹುಣಸೆಹಣ್ಣು ಹಾಕಿ ತಿಕ್ಕಿದಳು. ಒಳಗಿನ ಕಲಾಯಿ ಪೂರ್ತಿ ಹೋಗಿತ್ತು. ಎಷ್ಟೋ ಕಾಲದಿಂದ ಅದರಲ್ಲಿ ಯಾರೂ ಇಡ್ಲಿ ಬೇಯಿಸಿರಲಿಲ್ಲ. ಅದನ್ನು ನೋಡಿದ ಅಮ್ಮ ನಗ್ಗಿದ ಮುಚ್ಚಳವನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಮೊದಲಿನಿಂದ ತಿಕ್ಕತೊಡಗಿದಳು. ಎರಡು ದಿನ ಕಳೆದ ಮೇಲೆ ನಾನು ಮೆಲ್ಲಗೆ ನನ್ನ ಯೋಚನೆ ಹೇಳಿದೆ: ಇದನ್ನು ಮತ್ತೆ ಹರಾಜಿಗೆ ಹಾಕೋಣ. ಅವಳು ಇನ್ನೂ ಹುಡುಕುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ಅವಳು ಗೆದ್ದರೆ ಕಳಿಸಲು ವಿಳಾಸ ನನಗೆ ಬರುತ್ತದೆ.

"ತಲೆ ಕೆಟ್ಟಿದೆಯಾ ನಿಂಗೆ?" ಅಮ್ಮ ಎಗರಿಬಿದ್ದಳು. "ಮನೆಗೆ ಬಂದಿದ್ದನ್ನ ಮಾರ್ತಾಳಂತೆ! ಬೇರೆ ಯಾರಾದ್ರೂ ಹೊಡ್ಕೊಂಡು ಹೋದ್ರೆ?"

"ಹೋಗಬಹುದು. ನಾನೇ ಕೂಗೋ ಹಾಗಿಲ್ಲ, ಮಾರೋರು ಕೂಗಬಾರದು ಅಂತ ನಿಯಮ."

"ಮತ್ತೆ?"

"ಮತ್ತೇನಿಲ್ಲ. ಕಾಯೋದು."

ಅಮ್ಮ ಆ ದಿನವೆಲ್ಲ ನನ್ನೊಡನೆ ಮಾತು ಬಿಟ್ಟಳು. ಮಾರನೆಯ ದಿನ ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ನೋಡದೆ, "ಅರ್ಧ ಅವಳದ್ದೇ ಅಲ್ವೇನೇ. ಹಾಕು," ಎಂದಳು.

ಹಾಕಿದೆ. ಮೊದಲು ನನ್ನ ಫೋನ್ ನಂಬರ್ ಸೇರಿಸಿ ಬರೆದೆ. ಯಂತ್ರ ಹಿಡಿದು ಅಳಿಸಿಹಾಕಿತು. ಕನ್ನಡ ಅಂಕಿಯಲ್ಲಿ ಬರೆದೆ, ಅದನ್ನೂ ಅಳಿಸಿತು. ಅದಕ್ಕೂ ಕನ್ನಡ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಕೊನೆಗೆ ಹೀಗೆ ಬರೆದೆ: 'ಇದು ಪುರಾತನ ಪಾತ್ರೆಯಲ್ಲ. ಇಸವಿ ಎಂದು ನಂಬಿ ಯಾರೂ ಕೊಳ್ಳಬೇಡಿ. ಕಲಾಯಿ ಹೋಗಿದೆ. ಮುಚ್ಚಳ ನಗ್ಗಿದೆ, ನಗ್ಗಿಸಿದವರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ಇದನ್ನು ಓದುತ್ತಿದ್ದರೆ, ಪಾತ್ರೆ ಈಗ ಮೂವತ್ತೆಂಟರವರ ಮನೆಯಲ್ಲಿದೆ.' ಬೆಲೆ ಒಂದು ರೂಪಾಯಿಯಿಂದ ಶುರು, ಅವಧಿ ಹತ್ತು ದಿನ.

ಕೊಳ್ಳುವವಳಾಗಿ ಕಾಯುವುದು ಒಂದು ಬಗೆ. ಅಲ್ಲಿ ನನ್ನ ಮಿತಿ ನನ್ನ ಕೈಯಲ್ಲಿರುತ್ತದೆ. ಮಾರುವವಳಾಗಿ ಕಾಯುವುದು ಬೇರೆಯೇ. ಇನ್ನೊಬ್ಬಳು ಎಷ್ಟರವರೆಗೆ ಬಂದಾಳು ಎಂದು ಕೂತಿರಬೇಕು. ಒಮ್ಮೆ ಸೋತವಳು ಬೇಸತ್ತು ಹುಡುಕುವುದನ್ನೇ ಬಿಟ್ಟಿದ್ದರೆ? ಅವಳ ಕೈಯಲ್ಲಿ ಅಷ್ಟು ಹಣವೇ ಇಲ್ಲದಿದ್ದರೆ? ಪಾತ್ರೆ ಕೈ ತಪ್ಪಿದ ಮನೆಯ ಕಷ್ಟ ಎಂಥದೋ ಯಾರಿಗೆ ಗೊತ್ತು. ಯಾರೋ ಇಬ್ಬರು ಹಿತ್ತಾಳೆ ಆಸೆಗೆ ಎರಡು ಸಾವಿರದ ತನಕ ಏರಿಸಿದರು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವಾಗಲೂ ಮೊಬೈಲು ಅಂಗೈಯಲ್ಲೇ. ಅವಳು ಬರುವುದಾದರೆ ಕೊನೆಯ ಸೆಕೆಂಡಿನಲ್ಲೇ ಬರುತ್ತಾಳೆ, ಅಲ್ಲಿಯವರೆಗೆ ನೋಡಿ ಪ್ರಯೋಜನವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡು ಮತ್ತೆ ನೋಡುತ್ತಿದ್ದೆ.

ಇನ್ನೂ ಎರಡು ದಿನ ಬಾಕಿ ಇತ್ತು. ಸಂಜೆ ಅಡುಗೆಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮೊಬೈಲು ಸದ್ದು ಮಾಡಿತು. ಬೆಲೆಯಲ್ಲ, ಮಾರುವವರಿಗೆ ಪ್ರಶ್ನೆ ಕೇಳುವ ಜಾಗದಲ್ಲಿ ಒಂದು ಸಾಲು ಬಂದಿತ್ತು. ಒಂದು ಅಕ್ಷರ, ಚುಕ್ಕಿಗಳು, ಆಮೇಲೆ ಕನ್ನಡದಲ್ಲಿ:

'ಮೂವತ್ತೆಂಟರ ಅಮ್ಮ ಇದ್ದಾರಾ?'

ಕೊನೆಯ ಗಳಿಗೆಯವರೆಗೆ ಬಾಯಿ ಬಿಡದ ಮನೆಯವಳು ಈ ಸಲ ಕಾಯಲಿಲ್ಲ. ಅಮ್ಮನ ಪಕ್ಕ ಕೂತು ಆ ಸಾಲನ್ನು ಓದಿ ಹೇಳಿದೆ. "ಅವಳೇ ಕಣಮ್ಮ, ಸಿಕ್ಕಿದ್ಲು, ಅವಳೇ," ಎಂದು ಅಮ್ಮನ ಭುಜ ಹಿಡಿದು ಅಲ್ಲಾಡಿಸಿದೆ.

ಅಮ್ಮ ಸೊಪ್ಪಿನ ಕಡ್ಡಿ ಪಕ್ಕಕ್ಕಿಟ್ಟಳು. "ಇನ್ನೊಂದ್ಸಲ ಓದು," ಎಂದಳು. ಓದಿದೆ.

"ಅವಳಮ್ಮ ಹೋದ್ಲು ಕಣೇ."

"ಹಂಗೆಲ್ಲಿ ಬರೆದಿದ್ದಾಳಮ್ಮ?"

"ಇದ್ದಿದ್ರೆ ಅವಳು ಮಗಳ ಕೈಲಿ ಹಿಂಗೆ ಕೇಳಿಸ್ತಿರ್ಲಿಲ್ಲ. 'ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ' ಅಂತ ಬೈತಿದ್ಲು." ಅಮ್ಮನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಈ ಹುಡುಗಿ ಹೆದರ್ಕೊಂಡು ಕೇಳ್ತಿದಾಳೆ. ನಾನೂ ಹೋಗ್ಬಿಟ್ಟಿದೀನೇನೋ ಅಂತ."

ಉತ್ತರದ ಜಾಗ ತೆರೆದೆ. ಒಂದು ಅಕ್ಷರ ಒತ್ತಿ ಅಳಿಸಿದೆ.

"ಯಾಕೆ ಸುಮ್ನೆ ಕೂತೆ?" ಎಂದು ಅಮ್ಮ ಗದರಿದಳು. "ಇದೀನಿ ಅಂತ ಬರಿ. ಬೇಗ ಬಾ ಅಂತ ಬರಿ."